ತಂದೆಯವರ ಮಾತ್ರೆಗಳೂ ಮಸೀದಿಯ ನೀರಿನ ತೊಟ್ಟಿಯೂ

ರಮಝಾನ್ ಸಮೀಪಿಸಿದಂತೆ ನಮ್ಮ ಮನೆಗಳಲ್ಲಿ ಅಕ್ಕಿ, ಗೋಧಿ, ಖರ್ಜೂರಗಳ ಪಟ್ಟಿ ಸಿದ್ಧವಾಗುತ್ತದೆ. ಮನೆಯ ಹಿರಿಯರು ದಿನನಿತ್ಯ ಸೇವಿಸುವ ಮಾತ್ರೆಗಳ ಪಟ್ಟಿಯನ್ನು ಹಿಡಿದುಕೊಂಡು ವೈದ್ಯರ ಬಳಿಗೆ ಹೋಗುವವರು ಮಾತ್ರ ವಿರಳ. 2022ರ ರಮಝಾನಿಗೆ ಮುನ್ನ ನಾನೂ ಹೋಗಿರಲಿಲ್ಲ. ಆ ಉದಾಸೀನದ ಫಲವನ್ನು ಅನುಭವಿಸಿದವರು ನನ್ನ ತಂದೆಯವರು. ಅವರ ಹಣೆಯ ಮೇಲೆ ಇಂದಿಗೂ ಇರುವ ಗಾಯದ ಗುರುತನ್ನು ಕಂಡಾಗಲೆಲ್ಲ ನನ್ನ ಮನಸ್ಸು ಕುಗ್ಗುತ್ತದೆ. ಬೇರೊಂದು ಮನೆಯಲ್ಲಿ ಅದು ಮರುಕಳಿಸದಿರಲಿ ಎಂಬ ಉದ್ದೇಶದಿಂದ ಈ ಬರಹ.

ತಂದೆಯವರಿಗೆ ಆಗ ಅರವತ್ತೆಂಟು ವರ್ಷ. ಕರಾವಳಿಯ ಒಂದು ಸಣ್ಣ ಪೇಟೆಯಲ್ಲಿ ಅಡಿಕೆ ವ್ಯಾಪಾರ ಮಾಡಿ ನಿವೃತ್ತರಾದವರು. ಹನ್ನೊಂದು ವರ್ಷಗಳಿಂದ ಅಧಿಕ ರಕ್ತದೊತ್ತಡವಿತ್ತು. ಬೆಳಿಗ್ಗೆ ಆಮ್ಲೋಡಿಪಿನ್ 5 ಮಿ.ಗ್ರಾಂ., ಬೆಳಿಗ್ಗೆ ಮತ್ತು ರಾತ್ರಿ ಪ್ರಝೋಸಿನ್ 2 ಮಿ.ಗ್ರಾಂ. ಸೇವಿಸುತ್ತಿದ್ದರು. ಎರಡನೆಯದನ್ನು ರಕ್ತದೊತ್ತಡಕ್ಕೂ ವಯೋಸಹಜವಾದ ಮೂತ್ರದ ತೊಂದರೆಗೂ ಸೇರಿಸಿ ಕೊಡಲಾಗಿತ್ತು.

ಆ ವರ್ಷ ರಮಝಾನ್ ಎಪ್ರಿಲ್ ತಿಂಗಳ ಬೇಗೆಯಲ್ಲಿ ಬಂತು. ಮೊದಲ ಉಪವಾಸದಿಂದಲೇ ತಂದೆಯವರು ಮಾತ್ರೆಗಳನ್ನು ಪೂರ್ಣವಾಗಿ ನಿಲ್ಲಿಸಿದರು. ಹಗಲಿನಲ್ಲಿ ನುಂಗುವಂತಿಲ್ಲ, ರಾತ್ರಿ ನುಂಗಿದರೆ ಕ್ರಮ ತಪ್ಪುತ್ತದೆ, ಅದಕ್ಕಿಂತ ಬಿಟ್ಟುಬಿಡುವುದೇ ಲೇಸೆಂಬುದು ಅವರ ಎಣಿಕೆ. "ಉಪವಾಸಕ್ಕಿಂತ ದೊಡ್ಡ ಮದ್ದು ಯಾವುದು ಮೋನೇ? ಹೊಟ್ಟೆ ಖಾಲಿಯಿದ್ದರೆ ಬಿ.ಪಿ. ತಾನಾಗಿ ಇಳಿಯುತ್ತದೆ" ಎಂದರು. ಮೂರನೆಯ ದಿನ ನೆರೆಮನೆಯವರ ಯಂತ್ರದಲ್ಲಿ ನೋಡಿದಾಗ 142/88 ಇತ್ತು. ಅವರ ಮಾತು ನಿಜವೆಂದು ನಾನೂ ನಂಬಿದೆ. ಉಮ್ಮ ಒಬ್ಬರೇ, "ವೈದ್ಯರಿಗೆ ಒಂದು ಫೋನ್ ಮಾಡಿ ಕೇಳಬಾರದೇ?" ಎಂದು ಎರಡು ಬಾರಿ ಹೇಳಿದರು. ನಾವು ಕಿವಿಗೊಡಲಿಲ್ಲ.

ಆರನೆಯ ದಿನ ತಲೆನೋವು ಆರಂಭವಾಯಿತು. ಏಳನೆಯ ದಿನ ಇಫ್ತಾರಿನ ಬಳಿಕ ನೋಡಿದರೆ 192/106. ನಾನು ಗಾಬರಿಗೊಂಡೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುವ ನಾನು, ಒಬ್ಬ ಅವಿದ್ಯಾವಂತನೂ ಮಾಡಲು ಹಿಂಜರಿಯುವ ಲೆಕ್ಕವನ್ನು ಆ ಕ್ಷಣದಲ್ಲಿ ಮಾಡಿದೆ. ಒತ್ತಡ ಬಹಳ ಏರಿದೆ, ಆದ್ದರಿಂದ ಮಾತ್ರೆಯೂ ಹೆಚ್ಚು ಬೇಕು. ಊಟವಾದ ಮೇಲೆ, ಸುಮಾರು ಏಳೂವರೆ ಗಂಟೆಗೆ, ಆಮ್ಲೋಡಿಪಿನ್ ಎರಡು, ಪ್ರಝೋಸಿನ್ ಎರಡು ಮಾತ್ರೆಗಳನ್ನು ನನ್ನ ಕೈಯಾರೆ ಕೊಟ್ಟೆ. "ಇನ್ನು ಸರಿಹೋಗುತ್ತದೆ ಉಪ್ಪಾ" ಎಂದೂ ಹೇಳಿದೆ. ಅವರು ಎಂದಿನಂತೆ ಮಸೀದಿಗೆ ಹೊರಟರು.

ಒಂಬತ್ತು ಗಂಟೆಯ ಹೊತ್ತಿಗೆ ತರಾವೀಹ್ ನಮಾಝಿನಲ್ಲಿ ಸುಜೂದಿನಿಂದ ಎದ್ದು ನಿಂತವರು ಮರುಕ್ಷಣವೇ ಕುಸಿದುಬಿದ್ದರು. ಹಣೆ ಕಂಬದ ಅಂಚಿಗೆ ಬಡಿಯಿತು. ನಾನು ಅವರ ಹಿಂದಿನ ಸಾಲಿನಲ್ಲಿದ್ದೆ. ಶುಭ್ರವಾದ ಬಿಳಿಯಂಗಿಯ ಮೇಲೆ ರಕ್ತ ಇಳಿಯುತ್ತಿದ್ದ ಆ ದೃಶ್ಯವನ್ನು ವರ್ಣಿಸಲು ನನಗೆ ಮನಸ್ಸಿಲ್ಲ.

ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವರ ರಕ್ತದೊತ್ತಡ 118/70, ಎಬ್ಬಿಸಿ ಕೂರಿಸಿದಾಗ 84/52. ಆರು ಹೊಲಿಗೆ ಬಿತ್ತು. ತಲೆಯ ಸ್ಕ್ಯಾನಿನಲ್ಲಿ ಅಪಾಯವೇನೂ ಕಾಣಲಿಲ್ಲ, ಅಲ್ಹಮ್ದುಲಿಲ್ಲಾಹ್. ಕರ್ತವ್ಯದಲ್ಲಿದ್ದ ವೈದ್ಯೆ ಚಿಕ್ಕ ವಯಸ್ಸಿನವರು. ನಡೆದುದನ್ನೆಲ್ಲ ತಾಳ್ಮೆಯಿಂದ ಕೇಳಿದರು. ನಾನು ಬೈಗುಳವನ್ನು ನಿರೀಕ್ಷಿಸಿದ್ದೆ. ಅವರು ಬೈಯಲಿಲ್ಲ. "ಮಾಸ್ಟ್ರೇ, ನಿಮ್ಮ ಮಸೀದಿಯಲ್ಲಿ ವುಝೂವಿಗೆ ನೀರಿನ ತೊಟ್ಟಿ ಇದೆಯಲ್ಲ? ಅದನ್ನೇ ನೆನಪಿಸಿಕೊಳ್ಳಿ" ಎಂದರು.

ಅವರ ವಿವರಣೆ ಹೀಗಿತ್ತು. ತೊಟ್ಟಿಯ ತಳದಲ್ಲಿ ಒಂದು ರಂಧ್ರವಿದೆ ಎಂದು ಭಾವಿಸಿ. ನೀರು ಹೆಚ್ಚಿದ್ದಾಗ ವೇಗವಾಗಿಯೂ, ಕಡಿಮೆಯಾದಂತೆ ನಿಧಾನವಾಗಿಯೂ ಸೋರಿಹೋಗುತ್ತದೆ. ಪ್ರತಿದಿನ ಒಂದೇ ಹೊತ್ತಿಗೆ ಒಂದು ಕೊಡ ನೀರು ಸುರಿಯುತ್ತಾ ಹೋದರೆ, ಕೆಲವು ದಿನಗಳಲ್ಲಿ ಸುರಿದಷ್ಟೇ ಸೋರುವ ಒಂದು ಹಂತ ಬರುತ್ತದೆ. ಆಗ ಮಟ್ಟ ಸ್ಥಿರವಾಗುತ್ತದೆ. ಮಾತ್ರೆಯೆಂದರೆ ಆ ಕೊಡ. ತೊಟ್ಟಿ ನಮ್ಮ ರಕ್ತ. ಸೋರುವ ರಂಧ್ರವೆಂದರೆ ಯಕೃತ್ತು ಮತ್ತು ಮೂತ್ರಪಿಂಡಗಳು. ರಕ್ತದಲ್ಲಿರುವ ಔಷಧದ ಮಟ್ಟ ಅರ್ಧಕ್ಕಿಳಿಯಲು ಬೇಕಾಗುವ ಕಾಲವನ್ನು ಅರ್ಧಾಯು ಎನ್ನುತ್ತಾರೆ. ವಿಕಿರಣಶೀಲ ವಸ್ತುಗಳ ಪಾಠದಲ್ಲಿ ಈ ಪದವನ್ನು ನಾನು ಎಷ್ಟೋ ಬಾರಿ ಕರಿಹಲಗೆಯ ಮೇಲೆ ಬರೆದಿದ್ದೇನೆ. ಅದು ನನ್ನ ತಂದೆಯವರ ರಕ್ತದಲ್ಲೂ ನಡೆಯುತ್ತಿರುವ ಲೆಕ್ಕವೆಂದು ಎಂದೂ ಹೊಳೆದಿರಲಿಲ್ಲ.

ಆಮ್ಲೋಡಿಪಿನ್‌ನ ಅರ್ಧಾಯು 30ರಿಂದ 50 ಗಂಟೆ. ವಯಸ್ಸಾದವರಲ್ಲಿ ಇನ್ನೂ ಹೆಚ್ಚಬಹುದು. 40 ಗಂಟೆಯೆಂದು ಹಿಡಿದರೆ, ಇಂದು ನುಂಗಿದ ಮಾತ್ರೆಯ ಸುಮಾರು 66 ಶೇಕಡಾ ಭಾಗ ನಾಳೆ ಅದೇ ಹೊತ್ತಿಗೆ ದೇಹದಲ್ಲಿ ಉಳಿದಿರುತ್ತದೆ. ಅದರ ಮೇಲೆ ನಾಳಿನ ಮಾತ್ರೆ ಸೇರುತ್ತದೆ. ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನೇ ಲೆಕ್ಕ ಹಾಕಿದೆ. ಮೊದಲ ದಿನ ದೇಹದಲ್ಲಿ ಒಂದು ಮಾತ್ರೆಯಷ್ಟು ಔಷಧವಿದ್ದರೆ, ಎರಡನೆಯ ದಿನ 1.66, ಮೂರನೆಯ ದಿನ 2.1, ಎಂಟನೆಯ ದಿನ 2.8. ಬಳಿಕ ಅದು ಮೂರರ ಸಮೀಪ ನಿಂತುಬಿಡುತ್ತದೆ. ಆಮ್ಲೋಡಿಪಿನ್ ಆರಂಭಿಸಿದ ಮೇಲೆ ಅದರ ಮಟ್ಟ ಸ್ಥಿರವಾಗಲು ಏಳೆಂಟು ದಿನ ಬೇಕೆಂದು ವೈದ್ಯರು ಹೇಳುವುದರ ಅರ್ಥ ಇದೇ. ಎರಡು ದಿನ ನುಂಗಿ, ಒತ್ತಡ ಇಳಿಯಲಿಲ್ಲವೆಂದು ಮಾತ್ರೆಯನ್ನು ದೂರುವುದು ತೊಟ್ಟಿ ತುಂಬುವ ಮೊದಲೇ ನೀರು ಸಾಲದೆಂದು ಗೊಣಗಿದಂತೆ.

ಖಾಲಿಯಾಗುವಾಗಲೂ ಇದೇ ಲೆಕ್ಕ ಹಿಂದುಮುಂದಾಗಿ ನಡೆಯುತ್ತದೆ. ತಂದೆಯವರು ಕೊನೆಯ ಮಾತ್ರೆ ನುಂಗಿದ್ದು ಮೊದಲ ಉಪವಾಸದ ಹಿಂದಿನ ಬೆಳಿಗ್ಗೆ. ಮೊದಲ ಉಪವಾಸ ಮುಗಿದ ಮಧ್ಯರಾತ್ರಿಗೆ ಅರ್ಧ ಉಳಿದಿತ್ತು. ಮೂರನೆಯ ಉಪವಾಸದ ಅಸ್ರ್ ಹೊತ್ತಿಗೆ ಕಾಲು ಭಾಗ. ಐದನೆಯ ದಿನ ಬೆಳಿಗ್ಗೆ ಎಂಟನೇ ಒಂದು. ಏಳನೆಯ ಸಂಜೆಗೆ ಇಪ್ಪತ್ತರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಮೂರನೆಯ ದಿನ ಯಂತ್ರ ತೋರಿಸಿದ 142/88ರಲ್ಲಿ ಹಿಂದಿನ ವಾರದ ಮಾತ್ರೆಗಳ ಪಾಲು ಇನ್ನೂ ಇತ್ತು. ನಾವು ಅದನ್ನು ಉಪವಾಸದ ಖಾತೆಗೆ ಬರೆದುಕೊಂಡೆವು. "ಮಾತ್ರೆ ನಿಲ್ಲಿಸಿದರೂ ಏನೂ ಆಗಲಿಲ್ಲ" ಎಂದು ನೆಮ್ಮದಿಪಡುವ ಎಷ್ಟೋ ಮಂದಿ ಈ ಮೂರು ದಿನಗಳ ಸಾಲದಲ್ಲಿ ಬದುಕುತ್ತಿರುತ್ತಾರೆ.

ಪ್ರಝೋಸಿನ್‌ನ ಸ್ವಭಾವ ಇದಕ್ಕೆ ತೀರಾ ಭಿನ್ನ. ಅದರ ಅರ್ಧಾಯು ಕೇವಲ ಎರಡು ಮೂರು ಗಂಟೆ. ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ನಾವು ಎದ್ದು ನಿಂತಾಗ ರಕ್ತವು ಕಾಲುಗಳತ್ತ ಇಳಿಯುತ್ತದೆ. ಆಗ ರಕ್ತನಾಳಗಳು ತಕ್ಷಣ ಬಿಗಿದುಕೊಂಡು ಮಿದುಳಿಗೆ ರಕ್ತವನ್ನು ಕಳುಹಿಸುತ್ತವೆ. ಸೃಷ್ಟಿಕರ್ತನು ಮಾಡಿಟ್ಟ ಈ ವ್ಯವಸ್ಥೆ ನಮ್ಮ ಅರಿವಿಗೇ ಬಾರದೆ ಕೆಲಸ ಮಾಡುತ್ತಿರುತ್ತದೆ. ಪ್ರಝೋಸಿನ್ ಆ ಬಿಗಿತವನ್ನು ಸಡಿಲಿಸುತ್ತದೆ. ಆದ್ದರಿಂದಲೇ ಅದನ್ನು ಮೊದಲ ಬಾರಿ ಅತ್ಯಲ್ಪ ಪ್ರಮಾಣದಲ್ಲಿ, ಮಲಗುವ ಹೊತ್ತಿಗೆ ಕೊಡುತ್ತಾರೆ. ಮೊದಲ ಮಾತ್ರೆ ನುಂಗಿದ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಎದ್ದು ನಿಂತರೆ ಕಣ್ಣು ಕತ್ತಲಿಡುವ ಸಂಭವವಿರುತ್ತದೆ. ಕೆಲವು ದಿನ ಬಿಟ್ಟು ಮತ್ತೆ ಆರಂಭಿಸಿದರೆ ದೇಹಕ್ಕೆ ಅದು ಪುನಃ ಮೊದಲ ಮಾತ್ರೆಯೇ. ವಾರದ ವಿರಾಮದ ಬಳಿಕ, ಬೇಸಿಗೆಯ ಉಪವಾಸದಲ್ಲಿ ನೀರಿನಂಶ ಇಳಿದಿದ್ದ ದೇಹಕ್ಕೆ, ನಾನು ಇಮ್ಮಡಿ ಪ್ರಮಾಣ ಕೊಟ್ಟಿದ್ದೆ. ಏಳೂವರೆಗೆ ನುಂಗಿದ ಮಾತ್ರೆ, ಒಂಬತ್ತರ ಹೊತ್ತಿಗೆ ಸುಜೂದಿನಿಂದ ಏಳುವ ನಮಾಝಿ. ಗಡಿಯಾರವೇ ನನ್ನ ವಿರುದ್ಧ ಸಾಕ್ಷಿ ನುಡಿಯಿತು.

"ಬ್ಯಾರಿಗಳೇ, ಒತ್ತಡ ಏರಿದ ದಿನ ಜಾಸ್ತಿ, ಇಳಿದ ದಿನ ಕಡಿಮೆ ಎನ್ನಲು ಇದು ಸಾರಿಗೆ ಹಾಕುವ ಹುಳಿಯಲ್ಲ" ಎಂದು ವೈದ್ಯೆ ತಂದೆಯವರಿಗೆ ಹೇಳಿದರು. ತಂದೆಯವರು ಹೊಲಿಗೆ ಬಿದ್ದ ಹಣೆಯಲ್ಲೇ ಮುಗುಳ್ನಕ್ಕರು. ನನಗೆ ನಗು ಬರಲಿಲ್ಲ.

ನಾನು ಒಂದು ಪ್ರಶ್ನೆ ಕೇಳಿದೆ. ರಕ್ತದಲ್ಲಿ ಔಷಧದ ಮಟ್ಟವೇ ಮುಖ್ಯವೆಂದಾದರೆ, ಸಕ್ಕರೆಯನ್ನು ಪರೀಕ್ಷಿಸುವಂತೆ ಅದನ್ನೂ ಏಕೆ ಪರೀಕ್ಷಿಸುವುದಿಲ್ಲ? ಅವರ ಉತ್ತರ ನನ್ನ ತಪ್ಪು ಕಲ್ಪನೆಯೊಂದನ್ನು ನಿವಾರಿಸಿತು. ಮಾನಸಿಕ ರೋಗಕ್ಕೆ ಕೊಡುವ ಲಿಥಿಯಂ, ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಮುಂತಾದವುಗಳಲ್ಲಿ ಉಪಕಾರದ ಮಟ್ಟಕ್ಕೂ ವಿಷದ ಮಟ್ಟಕ್ಕೂ ಅಂತರ ಕಿರಿದು. ಅಲ್ಲಿ ರಕ್ತಪರೀಕ್ಷೆ ಬೇಕು. ರಕ್ತದೊತ್ತಡದ ಔಷಧಗಳಲ್ಲಿ ನಮಗೆ ಬೇಕಾದ ಫಲವನ್ನೇ ನೇರವಾಗಿ ಅಳೆಯಬಹುದು. ತೋಳಿಗೆ ಪಟ್ಟಿ ಸುತ್ತಿದರೆ ಸಾಕು. ಅಲ್ಲದೆ ರಕ್ತದಲ್ಲಿನ ಮಟ್ಟವೂ ಒತ್ತಡದ ಇಳಿಕೆಯೂ ಸದಾ ಜೊತೆಯಾಗಿ ನಡೆಯುವುದಿಲ್ಲ. ಒಂದೇ ಪ್ರಮಾಣದ ಮಾತ್ರೆ ಇಬ್ಬರಲ್ಲಿ ಎರಡು ಬೇರೆ ಮಟ್ಟಗಳನ್ನು ಉಂಟುಮಾಡಬಹುದು. ಒಂದೇ ಮಟ್ಟ ಇಬ್ಬರಲ್ಲಿ ಎರಡು ಬೇರೆ ಫಲಗಳನ್ನು ಕೊಡಬಹುದು. ಕೆಲವು ದೊಡ್ಡ ಕೇಂದ್ರಗಳಲ್ಲಿ ರಕ್ತ ಅಥವಾ ಮೂತ್ರದಲ್ಲಿ ಔಷಧವನ್ನು ಹುಡುಕುವುದುಂಟು. ಅದರ ಉದ್ದೇಶ ಪ್ರಮಾಣ ನಿರ್ಧರಿಸುವುದಲ್ಲ, ಯಾವ ಔಷಧಕ್ಕೂ ಬಗ್ಗದ ಒತ್ತಡವೆಂದು ಬಂದ ರೋಗಿಯು ಮಾತ್ರೆಯನ್ನು ನಿಜಕ್ಕೂ ನುಂಗುತ್ತಿದ್ದಾನೆಯೇ ಎಂದು ತಿಳಿಯುವುದು. ಹಾಗೆ ನೋಡಿದಾಗ ಸಾಕಷ್ಟು ಮಂದಿಯ ದೇಹದಲ್ಲಿ ಔಷಧವೇ ಇರುವುದಿಲ್ಲವಂತೆ.

ಈ ಮಾತು ನಮ್ಮ ಕುಟುಂಬಗಳಿಗೆ ಅಪರಿಚಿತವೇ? ವೈದ್ಯರ ಭೇಟಿಗೆ ಮೂರು ದಿನ ಮುಂಚಿತವಾಗಿ ನಿಯಮಿತವಾಗಿ ನುಂಗಿ, ಅವರ ಮುಂದೆ ಒಳ್ಳೆಯ ಅಂಕಿಯನ್ನು ತೋರಿಸಿ, ಮನೆಗೆ ಬಂದು ಮತ್ತೆ ಬಿಡುವವರು ನಮ್ಮಲ್ಲಿದ್ದಾರೆ. ಇನ್ನು ಕೆಲವರು ಇದಕ್ಕೆ ವಿರುದ್ಧವಾಗಿ, ತಿಂಗಳುಗಟ್ಟಲೆ ಬಿಟ್ಟು ಹೋಗಿ, ಏರಿದ ಒತ್ತಡವನ್ನು ತೋರಿಸುತ್ತಾರೆ. ಬಿಟ್ಟ ಸಂಗತಿಯನ್ನು ಸಂಕೋಚದಿಂದ ಹೇಳುವುದಿಲ್ಲ. ವೈದ್ಯರು ಪ್ರಮಾಣವನ್ನು ಹೆಚ್ಚಿಸುತ್ತಾರೆ. ಒಂದು ದಿನ ಅವರು ಪಶ್ಚಾತ್ತಾಪಪಟ್ಟು ಎಲ್ಲವನ್ನೂ ನಿಷ್ಠೆಯಿಂದ ನುಂಗಿದಾಗ ನನ್ನ ತಂದೆಯವರಂತೆ ಬೀಳುತ್ತಾರೆ. ವೈದ್ಯರ ಮುಂದೆ ಆಡುವ ಸಣ್ಣ ಸುಳ್ಳಿಗೆ ದಂಡ ತೆರುವುದು ನಮ್ಮದೇ ದೇಹ.

ನಂತರದ ವಾರಗಳಲ್ಲಿ ನಾನು ಈ ವಿಷಯವನ್ನು ಓದತೊಡಗಿದೆ. ನನ್ನ ಲೆಕ್ಕವೇ ಬುಡದಲ್ಲಿ ತಪ್ಪೆಂದು ಆಗ ತಿಳಿಯಿತು. ಮಾತ್ರೆಯನ್ನು ಇಮ್ಮಡಿಸಿದರೆ ಫಲ ಇಮ್ಮಡಿಯಾಗುವುದಿಲ್ಲ. 354 ಪ್ರಯೋಗಗಳನ್ನು ಒಟ್ಟುಗೂಡಿಸಿ 2003ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ವಾಡಿಕೆಯ ಪೂರ್ಣ ಪ್ರಮಾಣದ ಒಂದು ಔಷಧ ಮೇಲಿನ ಒತ್ತಡವನ್ನು ಸರಾಸರಿ 9.1ರಷ್ಟು ಇಳಿಸಿದರೆ, ಅದರ ಅರ್ಧ ಪ್ರಮಾಣವೇ 7.1ರಷ್ಟು ಇಳಿಸುತ್ತದೆ. ಅರ್ಧ ಮಾತ್ರೆಯಿಂದಲೇ ಮುಕ್ಕಾಲಿಗಿಂತ ಹೆಚ್ಚು ಕೆಲಸ ಮುಗಿದಿರುತ್ತದೆ. ಅದೇ ವೇಳೆಗೆ ಆಮ್ಲೋಡಿಪಿನ್‌ನಿಂದ ಬರುವ ಕಾಲೂತದಂತಹ ತೊಂದರೆಗಳು ಪ್ರಮಾಣ ಏರಿದಂತೆ ಏರುತ್ತವೆ. 42 ಪ್ರಯೋಗಗಳನ್ನು ಪರಿಶೀಲಿಸಿದ 2009ರ ಇನ್ನೊಂದು ವಿಶ್ಲೇಷಣೆಯು, ಒಂದು ಔಷಧವನ್ನು ಇಮ್ಮಡಿಸುವುದಕ್ಕಿಂತ ಬೇರೆ ವರ್ಗದ ಎರಡನೆಯ ಔಷಧವನ್ನು ಸೇರಿಸುವುದು ಸುಮಾರು ಐದು ಪಟ್ಟು ಹೆಚ್ಚು ಫಲಕಾರಿಯೆಂದು ಕಂಡುಕೊಂಡಿತು. ನಮ್ಮ ನೆರೆಯ ಶ್ರೀಲಂಕಾದಲ್ಲಿ 700 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೂ ಇದನ್ನೇ ಸಾರಿತು. ಮೂರು ಔಷಧಗಳನ್ನು ಅಲ್ಪ ಪ್ರಮಾಣದಲ್ಲಿ ಒಂದೇ ಮಾತ್ರೆಯಲ್ಲಿ ಪಡೆದವರ ಪೈಕಿ ಆರು ತಿಂಗಳಲ್ಲಿ 70 ಶೇಕಡಾ ಮಂದಿ ಗುರಿ ತಲುಪಿದರು. ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ ಅದು 55 ಶೇಕಡಾ. "ಒಂದಿದ್ದ ಮಾತ್ರೆಯನ್ನು ಎರಡು ಮಾಡಿದರಲ್ಲ, ರೋಗ ಉಲ್ಬಣಿಸಿತೇ?" ಎಂದು ಭಯಪಡುವವರು ಇದನ್ನು ತಿಳಿದಿರಬೇಕು.

ಆಸ್ಪತ್ರೆಯಿಂದ ಮನೆಗೆ ಬಂದಾಗ ಬಂಧುಗಳೊಬ್ಬರು, "ಇಂಗ್ಲಿಷ್ ಮದ್ದಿನ ಗೊಡವೆಯೇ ಬೇಡ, ಸರ್ಪಗಂಧದ ಬೇರು ಕೊಡಿ" ಎಂದರು. ಅವರ ಸದುದ್ದೇಶದಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಬೇರಿನ ಚರಿತ್ರೆಯೇ ಅಳತೆಯ ಪಾಠ ಹೇಳುತ್ತದೆ. ದೆಹಲಿಯ ತಿಬ್ಬಿಯಾ ಕಾಲೇಜನ್ನು ಕಟ್ಟಿದ ಹಕೀಮ್ ಅಜ್ಮಲ್ ಖಾನರು ಯುನಾನಿ ಮೂಲಿಕೆಗಳನ್ನು ಆಧುನಿಕ ರಸಾಯನಶಾಸ್ತ್ರದ ಒರೆಗೆ ಹಚ್ಚಬೇಕೆಂದು ಬಯಸಿದವರು. ಆ ಕಾರ್ಯಕ್ಕೆ ಅವರು ಆರಿಸಿದ ಯುವ ವಿಜ್ಞಾನಿ ಸಲೀಮುಝ್ಝಮಾನ್ ಸಿದ್ದೀಕಿ, ಹಕೀಮರ ನಿಧನದ ಬಳಿಕ, 1931ರಲ್ಲಿ ಸರ್ಪಗಂಧದ ಬೇರಿನಿಂದ ಬೇರ್ಪಡಿಸಿದ ಒಂದು ರಾಸಾಯನಿಕಕ್ಕೆ ಗುರುವಿನ ನೆನಪಿಗಾಗಿ ಅಜ್ಮಲಿನ್ ಎಂದು ಹೆಸರಿಟ್ಟರು. 1949ರಲ್ಲಿ ಮುಂಬೈಯ ವೈದ್ಯ ರುಸ್ತುಂ ಜಲ್ ವಕೀಲರು ಅಧಿಕ ರಕ್ತದೊತ್ತಡದಲ್ಲಿ ಈ ಬೇರಿನ ಉಪಯೋಗವನ್ನು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಅದರ ಮುಖ್ಯ ಸತ್ವವಾದ ರೆಸರ್ಪಿನ್ ಅನ್ನು ಸ್ವಿಟ್ಸರ್ಲೆಂಡಿನಲ್ಲಿ ಬೇರ್ಪಡಿಸಲಾಯಿತು. ಆರಂಭದಲ್ಲಿ ಅದನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಕೆಲವು ರೋಗಿಗಳಲ್ಲಿ ತೀವ್ರ ಖಿನ್ನತೆ ವರದಿಯಾಯಿತು. ಪ್ರಮಾಣವನ್ನು ತಗ್ಗಿಸಬೇಕಾಯಿತು. ರೆಸರ್ಪಿನ್‌ನ ಇನ್ನೊಂದು ಗುಣವೆಂದರೆ, ಅದರ ಪರಿಣಾಮವು ರಕ್ತದಲ್ಲಿನ ಮಟ್ಟ ಇಳಿದ ಮೇಲೂ ದಿನಗಟ್ಟಲೆ ಉಳಿಯುತ್ತದೆ. ಒಂದು ತುಂಡು ಬೇರಿನಲ್ಲಿ ಎಷ್ಟು ಸತ್ವವಿದೆಯೆಂದು ಕಣ್ಣಳತೆಯಲ್ಲಿ ಹೇಳಲಾಗದು. ಮಾತ್ರೆಗಳ ಜೊತೆಗೆ ಗುಟ್ಟಾಗಿ ಅದನ್ನು ಕೊಟ್ಟರೆ ಏನಾಗಬಹುದೆಂದು ಊಹಿಸಿಕೊಳ್ಳಿ.

ಮಟ್ಟವನ್ನು ಕದಡುವ ಬೇರೆ ಸಂಗತಿಗಳೂ ನಮ್ಮ ಮನೆಗಳಲ್ಲಿವೆ. ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬರುವ ಮಕ್ಕಳು ತಂದುಕೊಡುವ ಮಾತ್ರೆಯ ಹೆಸರು ಬೇರೆ, ಇಲ್ಲಿ ಕೊಂಡ ಮಾತ್ರೆಯ ಹೆಸರು ಬೇರೆ. ಒಳಗಿರುವ ಔಷಧ ಒಂದೇ. ಎರಡನ್ನೂ ನುಂಗುವ ಹಿರಿಯರನ್ನು ನಾನು ಕಂಡಿದ್ದೇನೆ. ಪೊಟ್ಟಣದ ಮೇಲೆ ಕಂಪೆನಿಯ ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ಔಷಧದ ಹೆಸರನ್ನು ಓದಬೇಕು. ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಗಳನ್ನು ಪುಡಿಮಾಡಿ ಕೊಟ್ಟರೆ ಇಡೀ ದಿನದ ಔಷಧ ಒಮ್ಮೆಗೇ ರಕ್ತಕ್ಕಿಳಿಯುತ್ತದೆ. ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ರಸವು ಕರುಳಿನ ಗೋಡೆಯಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ತಡೆದು, ಫೆಲೋಡಿಪಿನ್, ನಿಫೆಡಿಪಿನ್‌ಗಳ ಮಟ್ಟವನ್ನು ಏರಿಸುತ್ತದೆ. ನಮ್ಮ ಚಕ್ಕೋತ ಅದರ ಹತ್ತಿರದ ಸಂಬಂಧಿ. ಅಂತಹ ಮಾತ್ರೆ ಸೇವಿಸುವವರು ಚಕ್ಕೋತದ ಬಗ್ಗೆ ವೈದ್ಯರಲ್ಲಿ ವಿಚಾರಿಸುವುದು ಲೇಸು. ಅಟೆನೊಲಾಲ್‌ನಂತಹ ಔಷಧ ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ಅವು ದುರ್ಬಲವಾದರೆ ಅದೇ ಪ್ರಮಾಣದಲ್ಲೂ ಮಟ್ಟ ಏರುತ್ತದೆ. ವೈದ್ಯರು ಕ್ರಿಯೇಟಿನಿನ್ ಪರೀಕ್ಷೆ ಮಾಡಿಸುವುದಕ್ಕೆ ಇದೂ ಒಂದು ಕಾರಣ. ಇನ್ನು ಮೊಣಕಾಲು ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳು ದೇಹದಲ್ಲಿ ಉಪ್ಪು ನೀರನ್ನು ಹಿಡಿದಿಟ್ಟು, ಒತ್ತಡದ ಔಷಧದ ಕೆಲಸವನ್ನೇ ಕುಂಠಿತಗೊಳಿಸುತ್ತವೆ. ದಿನಕ್ಕೆ ಐದು ಗ್ರಾಂ ಒಳಗೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಇಫ್ತಾರಿನ ಕರಿದ ತಿಂಡಿ, ಉಪ್ಪಿನಕಾಯಿ, ಒಣಮೀನುಗಳನ್ನು ಲೆಕ್ಕ ಹಾಕಿದರೆ ಒಂದೇ ಹೊತ್ತಿನಲ್ಲಿ ಆ ಮಿತಿ ಮೀರುತ್ತದೆ.

ಕೆಲವು ಔಷಧಗಳನ್ನು ಹಠಾತ್ತನೆ ನಿಲ್ಲಿಸುವುದು ಇನ್ನೂ ಅಪಾಯಕಾರಿ. ಕ್ಲೋನಿಡಿನ್ ಒಮ್ಮೆಲೇ ನಿಂತರೆ ಒತ್ತಡವು ಮೊದಲಿಗಿಂತಲೂ ಮೇಲಕ್ಕೆ ಚಿಮ್ಮಬಹುದು. ಅಟೆನೊಲಾಲ್, ಮೆಟೊಪ್ರೊಲಾಲ್‌ಗಳನ್ನು ಹಾಗೆ ನಿಲ್ಲಿಸಿದರೆ ಹೃದ್ರೋಗಿಗಳಲ್ಲಿ ಎದೆನೋವು, ಹೃದಯಾಘಾತಗಳೂ ಸಂಭವಿಸಬಹುದು. ಆದ್ದರಿಂದ ರಮಝಾನಿಗೆಂದು ಮಾಡುವ ಯಾವ ಬದಲಾವಣೆಯೂ ರಮಝಾನಿಗೆ ಕೆಲವು ವಾರ ಮೊದಲೇ, ವೈದ್ಯರ ಕೈಯಿಂದಲೇ ಆಗಬೇಕು. ಒಂದು ಮಾತ್ರೆ ತಪ್ಪಿಹೋದರೆ ಮರುದಿನ ಎರಡು ನುಂಗಬಾರದು.

ತಂದೆಯವರ ವಿಷಯದಲ್ಲಿ ವೈದ್ಯೆ ಮಾಡಿದ್ದು ಸರಳವಾದ ಬದಲಾವಣೆ. ದಿನಕ್ಕೆರಡು ಬಾರಿ ಏರಿಳಿಯುವ ಪ್ರಝೋಸಿನ್ ನಿಲ್ಲಿಸಿದರು. ಮೂತ್ರದ ತೊಂದರೆಗೆ ಬೇರೆ ವ್ಯವಸ್ಥೆ ಮಾಡಿದರು. ಸುಮಾರು 24 ಗಂಟೆಗಳ ಅರ್ಧಾಯುವಿನ ಟೆಲ್ಮಿಸಾರ್ಟನ್ 40 ಮತ್ತು ಆಮ್ಲೋಡಿಪಿನ್ 5 ಸೇರಿದ ಒಂದೇ ಮಾತ್ರೆಯನ್ನು ದಿನಕ್ಕೊಮ್ಮೆ ಕೊಟ್ಟರು. ಎರಡು ವಾರಗಳ ಬಳಿಕ ಮೂತ್ರಪಿಂಡ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಲು ಹೇಳಿದರು. "ಬೆಳಿಗ್ಗೆ ನುಂಗುತ್ತಿದ್ದುದನ್ನು ರಾತ್ರಿಗೆ ಬದಲಿಸಿದರೆ ತೊಂದರೆಯಿಲ್ಲವೇ?" ಎಂದು ತಂದೆಯವರು ಕೇಳಿದರು. ಇಡೀ ದಿನ ಮಟ್ಟ ಉಳಿಯುವ ಮಾತ್ರೆಗೆ ಹೊತ್ತಿಗಿಂತ ಕ್ರಮ ಮುಖ್ಯವೆಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ಬ್ರಿಟನ್ನಿನಲ್ಲಿ 21,000ಕ್ಕೂ ಮಿಕ್ಕಿದ ರೋಗಿಗಳನ್ನು ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಅಧ್ಯಯನವೊಂದು ಪ್ರಕಟವಾಯಿತು. ಬೆಳಿಗ್ಗೆ ನುಂಗಿದವರಿಗೂ ಸಂಜೆ ನುಂಗಿದವರಿಗೂ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ಅಂತರ ಕಾಣಲಿಲ್ಲ. ಅದನ್ನು ತಂದೆಯವರಿಗೆ ಓದಿ ಹೇಳಿದಾಗ, "ಹಾಗಾದರೆ ನಾನು ಬಿಡುವ ಅಗತ್ಯವೇ ಇರಲಿಲ್ಲ" ಎಂದು ಬಹಳ ಹೊತ್ತು ಸುಮ್ಮನಿದ್ದರು.

ಆ ರಮಝಾನಿನಲ್ಲಿ ಹತ್ತು ದಿನ ಉಪವಾಸ ಮಾಡಕೂಡದೆಂದು ವೈದ್ಯೆ ಕಟ್ಟುನಿಟ್ಟಾಗಿ ಹೇಳಿದ್ದರು. ಅರವತ್ತೆಂಟು ವರ್ಷಗಳ ಆಯುಷ್ಯದಲ್ಲಿ ಅವರಿಗೆ ಒದಗಿದ ಅತಿ ಕಷ್ಟದ ದಿನಗಳವು. ಮಧ್ಯಾಹ್ನ ಉಮ್ಮ ಗಂಜಿ ತಂದಿಟ್ಟರೆ ಮುಖ ತಿರುಗಿಸಿ ಕುಳಿತುಕೊಳ್ಳುತ್ತಿದ್ದರು. ಕೊನೆಗೆ ಮಸೀದಿಯ ಖತೀಬರು ಮನೆಗೆ ಬಂದರು. ರೋಗಿಗೂ ಪ್ರಯಾಣಿಕನಿಗೂ ಅಲ್ಲಾಹನು ಪವಿತ್ರ ಕುರ್‌ಆನಿನಲ್ಲಿ ವಿನಾಯಿತಿ ನೀಡಿರುವುದನ್ನೂ, ತಪ್ಪಿದ ಉಪವಾಸಗಳನ್ನು ಬೇರೆ ದಿನಗಳಲ್ಲಿ ಪೂರ್ತಿಗೊಳಿಸಬಹುದೆಂಬುದನ್ನೂ ಮೃದುವಾಗಿ ನೆನಪಿಸಿದರು. "ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ನಿರಾಕರಿಸಲು ನಾವು ಯಾರು ಹಾಜಿಯವರೇ?" ಎಂದು ಕೇಳಿದರು. ತಂದೆಯವರು ತಲೆತಗ್ಗಿಸಿ ಗಂಜಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. ಹಗಲು ಚಿಕ್ಕದಾಗಿರುವ ಡಿಸೆಂಬರಿನಲ್ಲಿ, ವೈದ್ಯೆಯ ಅನುಮತಿ ಪಡೆದು, ಆ ಹತ್ತು ಉಪವಾಸಗಳನ್ನೂ ಒಂದೊಂದಾಗಿ ಪೂರ್ತಿಗೊಳಿಸಿದರು. ರಾತ್ರಿಯ ಮಾತ್ರೆ ಒಂದೂ ತಪ್ಪಲಿಲ್ಲ.

ಈಗ ಪ್ರತಿವರ್ಷ ಶಅಬಾನ್ ತಿಂಗಳಲ್ಲಿ ನಾವು ಮೂವರೂ ವೈದ್ಯೆಯ ಬಳಿಗೆ ಹೋಗುತ್ತೇವೆ. ಕೇಳಬೇಕಾದ ಪ್ರಶ್ನೆಗಳನ್ನು ಉಮ್ಮ ಮೊದಲೇ ಬರೆಸಿಟ್ಟಿರುತ್ತಾರೆ. ತಿಂಗಳ ಮಾತ್ರೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಪಡೆಯುವ ನೆರೆಯವರಿಗೂ ತಂದೆಯವರು ತಮ್ಮ ಹಣೆಯ ಗುರುತನ್ನು ತೋರಿಸಿ ಬುದ್ಧಿ ಹೇಳುತ್ತಾರೆ. ಕಿರಿದಾದರೂ ನಿರಂತರವಾದ ಸತ್ಕರ್ಮ ಅಲ್ಲಾಹನಿಗೆ ಪ್ರಿಯವೆಂಬ ಬೋಧನೆಯನ್ನು ಮಿಂಬರಿನಿಂದ ನಾವು ಬಾಲ್ಯದಿಂದಲೂ ಕೇಳುತ್ತಾ ಬಂದಿದ್ದೇವೆ. ಇಶಾ ನಮಾಝ್ ಮುಗಿಸಿ ಬಂದ ತಂದೆಯವರು ಗಡಿಯಾರದ ಕೆಳಗಿನ ತಗಡಿನ ಡಬ್ಬಿಯನ್ನು ತೆರೆದು, ಬಿಸ್ಮಿಲ್ಲಾಹ್ ಎಂದು ಒಂದೇ ಒಂದು ಸಣ್ಣ ಮಾತ್ರೆಯನ್ನು ನುಂಗಿ ನೀರು ಕುಡಿಯುವುದನ್ನು ನೋಡುವಾಗ ನನಗೆ ಆ ಬೋಧನೆ ನೆನಪಾಗುತ್ತದೆ. ಮುಂದಿನ ರಮಝಾನಿಗೆ ಮುನ್ನ ನಿಮ್ಮ ಮನೆಯ ಆ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಿ, ಹಿರಿಯರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ನನ್ನ ಹಾಗೆ ಏಳನೆಯ ರಾತ್ರಿಯ ತನಕ ಕಾಯಬೇಡಿ.